ಕೊಲೈಟಿಸ್ ಇದ್ದರೆ ಕ್ಯಾನ್ಸರ್ ಬಂದೇ ಬರುತ್ತಾ?

ಬನಶಂಕರಿ_ಹುಡುಗ:
ನಮ್ಮಣ್ಣನಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದ ಉರಿಯೂತ, ಹುಣ್ಣು) ಶುರುವಾಗಿ ಒಂಬತ್ತು ವರ್ಷ ಆಯಿತು. ಮೊದಲೆಲ್ಲ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಸ್ಸು ನಿಂತರೆ ಸಾಕು, ಹೊಟ್ಟೆ ಹಿಡಿದುಕೊಂಡು ಬೆವರುತ್ತಿದ್ದ. ಈಗ ರಕ್ತ ಇಲ್ಲ, ನೋವಿಲ್ಲ, ಮಾತ್ರೆಯನ್ನೂ ತಾನೇ ಬಿಟ್ಟಿದ್ದಾನೆ. ಡಾಕ್ಟರು ಮಾತ್ರ ಕ್ಯಾನ್ಸರ್ ಭಯ ಇದೆ, ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡೋದು) ಮಾಡಿಸಿ ಅನ್ನುತ್ತಿದ್ದಾರೆ. ಉರಿಯೂತಕ್ಕೂ ಕ್ಯಾನ್ಸರಿಗೂ ಏನು ಸಂಬಂಧ? ಸುಮ್ನೆ ಬಿಲ್ ಏರಿಸುತ್ತಿದ್ದಾರಾ?

ಲ್ಯಾಬ್_ಮೇಷ್ಟ್ರು:
ಬಂದೇ ಬರುತ್ತೆ ಅಂತೇನಿಲ್ಲ, ಹೆಚ್ಚಿನವರಿಗೆ ಬರುವುದಿಲ್ಲ. ಆದರೆ ಡಾಕ್ಟರು ಹೇಳಿದ್ದು ಸರಿ. ಈ ನಂಟನ್ನು ಜರ್ಮನಿಯ ವೈದ್ಯ ವಿರ್ಕೋ 1863ರಲ್ಲೇ ಊಹಿಸಿದ್ದರು. ಗಾಯವಾದರೆ ಬಿಳಿ ರಕ್ತಕಣ ಬರುತ್ತವೆ, ಊದುತ್ತದೆ, ಮಾಯುತ್ತದೆ, ಅಲ್ಲಿಗೆ ಮುಗಿಯಿತು. ಕೊಲೈಟಿಸ್‌ನಲ್ಲಿ ಅದು ಮುಗಿಯುವುದೇ ಇಲ್ಲ. ಬ್ಯಾಕ್ಟೀರಿಯಾ ಕೊಲ್ಲಲು ಆ ಕಣಗಳು ಬಿಡುವ ರಾಸಾಯನಿಕ ಕರುಳಿನ ಒಳಪದರದ ಡಿಎನ್‌ಎಗೂ ಏಟು ಕೊಡುತ್ತದೆ, ಇನ್ನೊಂದು ಕಡೆ ಸತ್ತ ಕೋಶಗಳ ಜಾಗ ತುಂಬಲು ಹೊಸವು ಅವಸರದಲ್ಲಿ ಹುಟ್ಟುತ್ತಲೇ ಇರುತ್ತವೆ, ಅದರ ಮೇಲೆ ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ತರದ ಸಂಕೇತಗಳು ಸಾಯಬೇಕಾದ ಕೋಶವನ್ನೂ ಬದುಕಿಸಿಬಿಡುತ್ತವೆ. ಹಾಗೆ ಉಳಿದ ಕೆಟ್ಟ ಕೋಶವೇ ಮುಂದೆ ಕ್ಯಾನ್ಸರ್ ಆಗಬಹುದು.
ಮಾಮೂಲಿ ಕರುಳಿನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಎಪಿಸಿ ಜೀನ್ ಮೊದಲು ಕೆಡುತ್ತದೆ, ಪಾಲಿಪ್ ಅನ್ನುವ ಗಂಟಾಗಿ ಎದ್ದು ಕಾಣುತ್ತದೆ. ಕೊಲೈಟಿಸ್‌ನಿಂದ ಬರುವುದರಲ್ಲಿ ಪಿ53 ಅನ್ನುವ ಜೀನ್ ಬೇಗ ಕೆಡುತ್ತದೆ. ಕೆಟ್ಟ ಜಾಗ ಎಷ್ಟೋ ಸಲ ಚಪ್ಪಟೆ, ಕಣ್ಣಿಗೆ ಬೀಳುವುದೇ ಕಷ್ಟ. ಅದಕ್ಕೇ ನೀಲಿ ಬಣ್ಣ ಸಿಂಪಡಿಸಿ ನೋಡುವುದು, ಅಲ್ಲಲ್ಲಿ ಚೂರು ತೆಗೆದು ನಮ್ಮಂಥವರ ಟೇಬಲ್ಲಿಗೆ ಕಳಿಸುವುದು.

ಮಲ್ಲೇಶ್ವರಂ_ಆಂಟಿ:
ಅರಿಶಿನದ ಹಾಲು ಕುಡಿಸಪ್ಪ. ಆಸ್ಪಿರಿನ್ ತಗೊಂಡರೂ ಕರುಳಿನ ಕ್ಯಾನ್ಸರ್ ಬರಲ್ಲವಂತೆ.

ಲ್ಯಾಬ್_ಮೇಷ್ಟ್ರು:
ಆಂಟಿ, ಆಸ್ಪಿರಿನ್‌ನಿಂದ ಉಪಯೋಗ ಚೆನ್ನಾಗಿ ಕಂಡಿರುವುದು ಲಿಂಚ್ ಸಿಂಡ್ರೋಮ್ ಅನ್ನುವ ವಂಶದ ತೊಂದರೆ ಇರುವವರಲ್ಲಿ. ಕೊಲೈಟಿಸ್ ಇರುವವರು ಆಸ್ಪಿರಿನ್ ತರದ ನೋವಿನ ಮಾತ್ರೆ ತಾವೇ ನುಂಗಿದರೆ ಕಾಯಿಲೆ ಕೆರಳಬಹುದು. ಅರಿಶಿನದ ಹಾಲು ಕುಡಿಯಲಿ, ಆದರೆ ಅದನ್ನು ನಂಬಿ ಮೆಸಲಮೈನ್ (ಕೊಲೈಟಿಸ್ ಉರಿಯೂತಕ್ಕೆ ಕೊಡುವ ಮಾತ್ರೆ) ಬಿಡೋದು ಬೇಡ.

ಎಚ್‌ಎಸ್‌ಆರ್_ಗಿರಾಕಿ:
ನನಗೂ ಇದೇ ಕಾಯಿಲೆ. ನಿಮ್ಮಣ್ಣನ ಹಾಗೆ ಆರಾಮಾಗಿದ್ದೆ, ಬಯಾಪ್ಸಿಯಲ್ಲಿ ಉರಿಯೂತ ಹಾಗೇ ಇತ್ತು. ಲಕ್ಷಣ ಶುರುವಾಗಿ 8 ವರ್ಷಕ್ಕೆ ಕೊಲೊನೋಸ್ಕೋಪಿ ಮಾಡಿ ನೋಡಲೇಬೇಕು ಅನ್ನುವುದು ಎಲ್ಲ ಕಡೆ ಇರುವ ಪದ್ಧತಿ. ಪಿತ್ತನಾಳದ ಪಿಎಸ್‌ಸಿ ಕಾಯಿಲೆಯೂ ಇದ್ದರೆ ಅಷ್ಟು ಕಾಯುವುದಿಲ್ಲ, ಗೊತ್ತಾದ ವರ್ಷದಿಂದಲೇ ನೋಡುತ್ತಾರೆ. ಗುದನಾಳದಲ್ಲಿ ಮಾತ್ರ ಇದ್ದರೆ ಅಪಾಯ ಅಷ್ಟು ಹೆಚ್ಚಲ್ಲ. ಹಳೇ ರಿಪೋರ್ಟ್ ತೆಗೆದು ಎಲ್ಲಿವರೆಗೆ ಹರಡಿದೆ ಅಂತ ನೋಡಿ. ಕೊಲೊನೋಸ್ಕೋಪಿಗೆ ಹಿಂದಿನ ದಿನ ಕರುಳು ಖಾಲಿ ಮಾಡಲು ಕುಡಿಯುವ ಔಷಧಿ ಅಸಹ್ಯ, ಫ್ರಿಜ್ಜಲ್ಲಿಟ್ಟು ತಣ್ಣಗೆ ಕುಡಿದರೆ ಗಂಟಲಲ್ಲಿ ಇಳಿಯುತ್ತದೆ.

ಬನಶಂಕರಿ_ಹುಡುಗ:
ರಿಪೋರ್ಟಲ್ಲಿ 'ಪ್ಯಾನ್‌ಕೊಲೈಟಿಸ್' ಅಂತಿದೆ. ದೊಡ್ಡ ಕರುಳು ಪೂರ್ತಿ ಅಂತ ತಾನೇ? ನಾಳೆಯೇ ಡೇಟ್ ತಗೊಳ್ಳುತ್ತೇನೆ.