ಅಪ್‌ಡೇಟ್: ಮಕ್ಕಳಿಗೆ ಹೊಸ ಕನ್ನಡ ಪುಸ್ತಕ ಕೇಳಿದ್ದೆ ಅಲ್ವಾ?

ಏಳನೇ ಕ್ಲಾಸಿನ ಮಗಳಿಗೂ ಎರಡನೇ ಕ್ಲಾಸಿನ ಮಗನಿಗೂ ಪಂಚತಂತ್ರ, ತೆನಾಲಿ ರಾಮ ಬಿಟ್ಟು ಈಚಿನ ಕನ್ನಡ ಪುಸ್ತಕ ಯಾವುದಿದೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ ನೋಡಿ ಅಂದಿದ್ದು ಸರಿಯಾಗಿ ಕೆಲಸಕ್ಕೆ ಬಂತು. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಮೂರೂ ಕಾದಂಬರಿಗಳೇ! ನಮ್ಮೂರಿನ ಅಂಗಡಿಯಲ್ಲಿ ಒಂದೂ ಇರಲಿಲ್ಲ, ಗೈಡುಗಳ ರಾಶಿ ಮಾತ್ರ. ಆನ್‌ಲೈನಲ್ಲಿ ತರಿಸಿದೆ. ಮಗಳು ‘ಬಾವಲಿ ಗುಹೆ’ಯನ್ನೇ ಮೊದಲು ಎತ್ತಿಕೊಂಡಳು. ಊಟಕ್ಕೆ ಕರೆದರೆ “ಇನ್ನೊಂದೇ ಪುಟ” ಅಂತಾಳೆ. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ತುತ್ತು, ಹಾಳೆಯ ಮೇಲೆ ಸಾರಿನ ಕಲೆ. ಸುಮ್ನೆ ಬಿಟ್ಟಿದ್ದೇನೆ.

ಚಿಕ್ಕವನಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟೇ ಸಾಕಾಗಿದೆ. 2015ರಲ್ಲಿ ಶುರುವಾದದ್ದು, ಪೂರ್ತಿ ಉಚಿತ. ಕಥೆಗಳನ್ನು ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ, ಇಳಿಸಿಕೊಂಡು ಪ್ರಿಂಟೂ ತೆಗೆಯಬಹುದು. ಒತ್ತಕ್ಷರ ಬಂದರೆ ಅವನ ಬೆರಳು ಅಲ್ಲೇ ನಿಲ್ಲುತ್ತದೆ, ಚಿತ್ರ ನೋಡಿ ಊಹಿಸಿ ಮುಂದೆ ಹೋಗುತ್ತಾನೆ. ಕೆಲವು ಅನುವಾದಗಳು ಮಾತ್ರ ಬಿಗಿ ಬಿಗಿ. ಜೋರಾಗಿ ಓದಿದರೆ ಗೊತ್ತಾಗುತ್ತದೆ.

ಪುಟ್ಟ ಮಕ್ಕಳಿಗೆ ಆಯ್ಕೆ ಜಾಸ್ತಿ, ಹದಿಹರೆಯದವರಿಗೆ ಕಡಿಮೆ ಅಂತ ನನಗನ್ನಿಸಿತು. ಹದಿಮೂರು ದಾಟಿದವರು ಓದುವಂಥ ಹೊಸ ಪತ್ತೇದಾರಿ ಅಥವಾ ವಿಜ್ಞಾನ ಕಾದಂಬರಿ ಗೊತ್ತಿದ್ದರೆ ಹೇಳಿ. ದಸರಾ ರಜೆಗೆ ಮುಂಚೆ ತರಿಸಬೇಕು.