ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣಿನ ವಾಸನೆ ಎಲ್ಲಿಂದ? ಶ್ನೈಡರ್ ಮನೆತನದ ಕಥೆ ಗೊತ್ತಿದ್ದವರು ಹೇಳಿ

ಗಂಜ್ ಹುಡುಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರೀ. ಗಂಜ್‌ನಲ್ಲಿ ನಮ್ಮದು ತೊಗರಿ ವ್ಯಾಪಾರ. ಬಿಯರ್ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ತಣ್ಣಗಿರಬೇಕು, ಬೇಸಿಗೆಯಲ್ಲಿ ಸಿಗಬೇಕು. ಬೆಂಗಳೂರಲ್ಲಿ ತಮ್ಮ ಒಂದು ಬ್ರೂಪಬ್‌ಗೆ, ಅಂದರೆ ಅಲ್ಲೇ ಬಿಯರ್ ಮಾಡಿ ಮಾರುವ ಪಬ್‌ಗೆ, ಕರೆದುಕೊಂಡು ಹೋಗಿ ಹೆಫೆವೈಜನ್ ಅನ್ನೋ ಗೋಧಿ ಬಿಯರ್ ಕುಡಿಸಿದ. ನೋಡಿದರೆ ಮಬ್ಬು ಮಬ್ಬು, ಮೇಲೆ ದಪ್ಪ ನೊರೆ. ಮೂಗಿನ ಹತ್ತಿರ ಹಿಡಿದರೆ ಬಾಳೆಹಣ್ಣು! ಹಿಂದೆಯೇ ಸ್ವಲ್ಪ ಲವಂಗ. ಎಸೆನ್ಸ್ ಹಾಕಿದ್ದಾರೆ ಅಂತ ನಾನು, ಇಲ್ಲ ಅಂತ ತಮ್ಮ. ಜಗಳ ಇನ್ನೂ ಮುಗಿದಿಲ್ಲ.

ಆ ಪಬ್‌ನ ಹುಡುಗ ಇನ್ನೊಂದು ಮಾತು ಹೇಳಿದ. ಜರ್ಮನಿಯಲ್ಲಿ ಶ್ನೈಡರ್ ಅಂತ ಒಂದು ಮನೆತನ ಇದೆಯಂತೆ. ಗೋಧಿ ಬಿಯರ್ ಉಳಿದದ್ದೇ ಅವರಿಂದಂತೆ. ಅಜ್ಜನಿಂದ ಮೊಮ್ಮಗನವರೆಗೆ ಯಜಮಾನರೆಲ್ಲರ ಹೆಸರೂ ಒಂದೇ ಅಂತೆ. ನಮ್ಮ ಗಂಜ್‌ನಲ್ಲಿ ಅಂಗಡಿ ಮೂರನೇ ತಲೆಮಾರಿಗೆ ಬರುವಷ್ಟರಲ್ಲಿ ಅಣ್ಣತಮ್ಮಂದಿರು ಗೋಡೆ ಹಾಕಿಕೊಂಡಿರುತ್ತಾರೆ. ಇದೆಲ್ಲ ನಿಜವಾ, ಇಲ್ಲಾ ಸುಮ್ನೆ ಬಿಟ್ಟನಾ?

ಶಹಾಬಾದ್ ಬ್ರೂವರ್

ತಮ್ಮನೇ ಗೆದ್ದ ಅಣ್ಣಾ. ನಾನು ಶಹಾಬಾದಿನವ, ಈಗ ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ಕೆಲಸ. ಎಸೆನ್ಸ್ ಇಲ್ಲ, ಹಣ್ಣೂ ಇಲ್ಲ. ಎಲ್ಲಾ ಯೀಸ್ಟ್, ಅಂದರೆ ಬಿಯರ್ ಹುದುಗಿಸುವ ಸೂಕ್ಷ್ಮಜೀವಿ, ಮಾಡುವ ಕೆಲಸ. ಗೋಧಿ ಬಿಯರ್‌ನ ಯೀಸ್ಟ್ ಸಕ್ಕರೆ ತಿನ್ನುವಾಗ ಐಸೋಅಮೈಲ್ ಅಸಿಟೇಟ್ ಅನ್ನೋದನ್ನು ಬಿಡುತ್ತದೆ. ಬಾಳೆಹಣ್ಣಿಗೆ ವಾಸನೆ ಕೊಡೋದೂ ಅದೇ. ಲವಂಗದ ವಾಸನೆಗೆ ಇನ್ನೊಂದಿದೆ, 4-ವಿನೈಲ್ ಗ್ವಾಯಕಾಲ್.

ಹದ ನಮ್ಮ ಕೈಯಲ್ಲಿದೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಬಿಸಿನೀರಲ್ಲಿ ನೆನೆಸುವಾಗ 45 ಡಿಗ್ರಿ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿದರೆ ಲವಂಗ ಏರುತ್ತದೆ. ಹುದುಗುವಾಗ ಟ್ಯಾಂಕ್ 20 ದಾಟಿ ಬಿಸಿಯಾದರೆ ಬಾಳೆಹಣ್ಣು ಜಾಸ್ತಿ. ನೀವು ಕುಡಿದದ್ದರಲ್ಲಿ ಬಾಳೆಹಣ್ಣೇ ಮುಂದಿತ್ತು ಅಂದರೆ ಅವರು ಸ್ವಲ್ಪ ಬೆಚ್ಚಗೇ ಬಿಟ್ಟಿರಬೇಕು. ನಮ್ಮಲ್ಲಿ ಗಿರಾಕಿಗಳಿಗೆ ಅದೇ ಇಷ್ಟ. ನನಗೆ ಮಾತ್ರ ಲವಂಗ ಮುಂದಿರೋದು ಇಷ್ಟ, ಆದರೆ ನನ್ನನ್ನು ಕೇಳೋರು ಯಾರು?

ಮನೆತನದ ಕಥೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ಬೀದರ್‌ನ ಅಣ್ಣಾ, ಬರ್ರಿ.

ಬೀದರ್ ಟು ರೆಗೆನ್ಸ್‌ಬರ್ಗ್

ಕರೆದರಲ್ಲ, ಬಂದೆ. ನಾನು ಬೀದರ್‌ನವ, ಕೆಲಸ ರೆಗೆನ್ಸ್‌ಬರ್ಗ್‌ನಲ್ಲಿ. ಶ್ನೈಡರ್ ಬ್ರೂವರಿ ಇರುವ ಕೆಲ್‌ಹೈಮ್ ಇಲ್ಲಿಂದ ಹತ್ತಿರ. ಡ್ಯಾನ್ಯೂಬ್ ನದಿಗೆ ಆಲ್ಟ್‌ಮ್ಯೂಲ್ ಬಂದು ಸೇರುವ ಚಿಕ್ಕ ಊರು. ಊರಿಂದ ಯಾರೇ ಬಂದರೂ ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಹೆಂಡತಿ ಬೈಯುತ್ತಾಳೆ, ಅದು ಬೇರೆ ವಿಷಯ.

ಪಬ್‌ನ ಹುಡುಗ ಹೇಳಿದ್ದು ಹೆಚ್ಚುಕಡಿಮೆ ನಿಜ. ಆದರೆ ಕಥೆ ಶ್ನೈಡರ್‌ಗಿಂತ ಬಹಳ ಹಿಂದೆ ಶುರುವಾಗುತ್ತದೆ. ಬವೇರಿಯಾದಲ್ಲಿ 1516ರಲ್ಲಿ ಒಂದು ಕಾನೂನು ಬಂತು: ಬಿಯರ್‌ಗೆ ಬಾರ್ಲಿ, ಹಾಪ್ಸ್ (ಕಹಿ ಕೊಡುವ ಒಂದು ಬಳ್ಳಿಯ ಹೂವು), ನೀರು, ಇಷ್ಟೇ. ಅಂದರೆ ಗೋಧಿ ಇಲ್ಲ. ಆದರೂ ಡೇಗನ್‌ಬರ್ಗ್ ಅನ್ನುವ ಒಂದು ಜಹಗೀರ್‌ದಾರ ಮನೆತನಕ್ಕೆ ಮಾತ್ರ ಗೋಧಿ ಬಿಯರ್ ಮಾಡುವ ಹಕ್ಕಿತ್ತು. 1602ರಲ್ಲಿ ಆ ವಂಶದ ಕೊನೆಯವನು ಮಕ್ಕಳಿಲ್ಲದೆ ಸತ್ತ. ಹಕ್ಕು ಸೀದಾ ದೊರೆ ಮ್ಯಾಕ್ಸಿಮಿಲಿಯನ್ ಕೈಗೆ ಹೋಯಿತು. ಅವನು ಸುಮ್ನೆ ಕೂಡುವ ಆಸಾಮಿ ಅಲ್ಲ. ಬೇರೆಯವರಿಗೆ ಬೇಡ ಅಂದ ಗೋಧಿಯನ್ನೇ ತಾನು ಬೇಯಿಸಿ ಮಾರಿ ಖಜಾನೆ ತುಂಬಿಸಿಕೊಂಡ. ಕೆಲ್‌ಹೈಮ್‌ನ ಬ್ರೂವರಿ 1607ರಲ್ಲಿ ಹಾಗೆ ಶುರುವಾದದ್ದು.

ಇನ್ನೂರು ವರ್ಷ ದಾಟಿದ ಮೇಲೆ ಗಾಳಿ ತಿರುಗಿತು. ಜನ ತಣ್ಣಗೆ ಹುದುಗಿಸುವ ಲಾಗರ್ ಬಿಯರ್ ಕಡೆ ಹೋದರು. ಗೋಧಿ ಬಿಯರ್ ಕೇಳುವವರೇ ಇಲ್ಲ. ಮ್ಯೂನಿಕ್‌ನಲ್ಲಿ ಅರಮನೆಯ ಗೋಧಿ ಬ್ರೂವರಿಯನ್ನು ಗುತ್ತಿಗೆಗೆ ನಡೆಸುತ್ತಿದ್ದವನು ಗೇಯೋರ್ಗ್ ಶ್ನೈಡರ್. 1872ರಲ್ಲಿ ಅವನು ರಾಜ ಎರಡನೇ ಲುಡ್ವಿಗ್‌ನಿಂದ ಆ ಹಕ್ಕನ್ನು ಬಿಡಿಸಿಕೊಂಡ. ಪೋಸ್ಟ್‌ಕಾರ್ಡ್ ಮೇಲೆ ಕಾಣುವ ನೊಯ್‌ಶ್ವಾನ್‌ಸ್ಟೈನ್ ಕೋಟೆ ಕಟ್ಟಿಸಿದನಲ್ಲ, ಅದೇ ರಾಜ. ಯಾರಿಗೂ ಬೇಡವಾದ ಮಾಲಿಗೆ ರಾಜನ ಹತ್ತಿರ ಹೋಗಿ ಹಕ್ಕು ಕೇಳುವುದು ಅಂದರೆ ಧೈರ್ಯವೇ ಸರಿ. ಅದೇ ವರ್ಷ ಮಗನ ಜೊತೆ ಸೇರಿ ಮ್ಯೂನಿಕ್‌ನ ಟಾಲ್ ಬೀದಿಯಲ್ಲಿ ಸ್ವಂತ ಬ್ರೂವರಿ ಶುರು ಮಾಡಿದ. ಮಗನ ಹೆಸರೂ ಗೇಯೋರ್ಗ್. ಮೊಮ್ಮಗನೂ ಗೇಯೋರ್ಗ್. ಹೀಗೇ ಆರನೇ ಗೇಯೋರ್ಗ್‌ವರೆಗೂ ಬಂದಿದೆ.

ಆದರೆ ನನ್ನ ಕೇಳಿದರೆ ಆ ಮನೆತನದ ಗಟ್ಟಿ ಆಳು ಗೇಯೋರ್ಗ್ ಅಲ್ಲ, ಮಟಿಲ್ಡೆ. ಮೂರನೇ ಗೇಯೋರ್ಗ್‌ನ ಹೆಂಡತಿ. 1905ರಲ್ಲಿ ಗಂಡ ಹೋದ, ಮಗ ಇನ್ನೂ ಚಿಕ್ಕವ. ಬ್ರೂವರಿ ಮಾರಿ ಬಡ್ಡಿ ತಿನ್ನುತ್ತಾ ಕೂಡಬಹುದಿತ್ತು. ಆಕೆ ಕೀಲಿಕೈ ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು. 1907ರಲ್ಲಿ ಅವೆಂಟಿನಸ್ ಹೊರಗೆ ಬಂತು. ಕಂದು ಬಣ್ಣದ, ಗಟ್ಟಿ ಗೋಧಿ ಬಿಯರ್, ಅಲ್ಕೊಹಾಲ್ 8.2 ಶೇಕಡಾ. ಇವತ್ತಿಗೂ ಆ ಮನೆಯ ಹೆಸರು ಹೇಳಿದರೆ ಬಲ್ಲವರು ಮೊದಲು ಕೇಳೋದು ಅದನ್ನೇ. ನಮ್ಮ ಕಡೆ ಇಂಥ ಹೆಣ್ಮಕ್ಕಳು ಎಷ್ಟೋ ಜನ ಅಂಗಡಿ, ಹೊಲ ಉಳಿಸಿದ್ದಾರೆ. ಬೋರ್ಡಿನ ಮೇಲೆ ಮಾತ್ರ ಗಂಡನದೋ ಮಗನದೋ ಹೆಸರು. ಅಲ್ಲೂ ಅದೇ ಕಥೆ ನೋಡ್ರಿ.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. 1920ರ ದಶಕದ ಕೊನೆಗೆ ಕೆಲ್‌ಹೈಮ್‌ನ ಆ ಹಳೇ ಬ್ರೂವರಿಯನ್ನು ಕೊಂಡರು. 1944ರ ಬಾಂಬ್ ದಾಳಿಯಲ್ಲಿ ಮ್ಯೂನಿಕ್‌ನದು ಹಾಳಾಯಿತು. ಕೆಲ್‌ಹೈಮ್ ಇತ್ತಲ್ಲ, ಕೆಲಸ ಪೂರಾ ಅಲ್ಲಿಗೆ ಹೋಯಿತು. ಮ್ಯೂನಿಕ್‌ನ ಜಾಗದಲ್ಲಿ ಈಗ ಅವರದೇ ಊಟದ ಮನೆ ಇದೆ.

ಗುರುಮಠಕಲ್ ಕಾಕಾ

ಚಲೋ ಬರೆದಿದ್ದೀರಿ ತಮ್ಮಾ. ನನ್ನದೊಂದು ಸಂಶಯ. ನಮ್ಮ ಕಡೆ ಈಚಲ ಮರದ ಸಿಂದಿ ಇಳಿಸುತ್ತಿದ್ದರು. ನಸುಕಿನಲ್ಲಿ ಸಿಹಿ, ಹೊತ್ತೇರಿದ ಹಾಗೆ ತಲೆಗೆ ಏರುವಂಥದ್ದು, ಸಂಜೆಗೆ ಬರೀ ಹುಳಿ. ಯಾರೂ ಅದಕ್ಕೆ ಯೀಸ್ಟ್ ಹಾಕಲಿಲ್ಲ, ಡಿಗ್ರಿ ನೋಡಲಿಲ್ಲ. ನಿಮ್ಮ ಜರ್ಮನಿಯವರಿಗೆ ಇಷ್ಟು ತಾಪತ್ರಯ ಯಾಕೆ?

ಶಹಾಬಾದ್ ಬ್ರೂವರ್

ಕಾಕಾ, ಸಿಂದಿಗೂ ಯೀಸ್ಟ್ ಬೀಳುತ್ತಿತ್ತು, ಹಾಕುವವರು ಕಾಣುತ್ತಿರಲಿಲ್ಲ ಅಷ್ಟೇ. ಗಾಳಿಯಲ್ಲಿ, ಮರದ ಮೇಲೆ, ಹಿಂದಿನ ದಿನದ ಮಡಕೆಯಲ್ಲಿ ಇರುತ್ತಿತ್ತು. ಅದರ ಜೊತೆ ಬ್ಯಾಕ್ಟೀರಿಯಾನೂ ಬರುತ್ತಿದ್ದವು. ಸಂಜೆಯ ಹುಳಿ ಅವುಗಳದೇ ಕೆಲಸ. ಬಿಯರ್ ಮಾಡುವವರಿಗೆ ಬೇಕಾದದ್ದು ಇವತ್ತು ಬಂದ ರುಚಿ ನಾಳೆಯೂ ಬರೋದು. ಅದಕ್ಕೇ ಒಂದೇ ಜಾತಿಯ ಯೀಸ್ಟನ್ನು ಕಾಪಾಡುತ್ತಾರೆ. ತಮಾಷೆ ಏನು ಗೊತ್ತಾ? 1516ರ ಆ ಕಾನೂನಿನಲ್ಲಿ ಯೀಸ್ಟ್ ಹೆಸರೇ ಇಲ್ಲ. ಅದು ಏನು ಮಾಡುತ್ತದೆ ಅನ್ನೋದು ಆಗ ಅವರಿಗೂ ಗೊತ್ತಿರಲಿಲ್ಲ.

ಶ್ನೈಡರ್‌ನಲ್ಲಿ ಇವತ್ತಿಗೂ ಮುಚ್ಚಳ ಇಲ್ಲದ ತೊಟ್ಟಿಯಲ್ಲೇ ಹುದುಗಿಸುತ್ತಾರೆ. ಗೋಧಿ ಬಿಯರ್‌ನ ಯೀಸ್ಟ್ ಮೇಲಕ್ಕೆ ತೇಲಿ ಬರುತ್ತದೆ. ಅದನ್ನು ಮೇಲಿಂದಲೇ ತೆಗೆದು ಮುಂದಿನ ಸಲದ ಬಿಯರ್‌ಗೆ ಹಾಕಬಹುದು. ಆ ಕೋಣೆಯನ್ನು ಚೊಕ್ಕಟವಾಗಿ ಇಡುವ ಕಷ್ಟ ನಮ್ಮಂಥವರಿಗೆ ಗೊತ್ತು. ನಾನಂತೂ ಮುಚ್ಚಿದ ಟ್ಯಾಂಕ್ ಬಿಟ್ಟು ಬರಲ್ಲಪ್ಪ.

ಗಂಜ್ ಹುಡುಗ, ಕಲಬುರಗಿ

ತಮ್ಮನಿಗೆ ಓದಿಸಿದೆ. ಈಗ ಮನೆಯಲ್ಲಿ ಇರೋಕೆ ಬಿಡ್ತಾ ಇಲ್ಲ. ಬೀದರ್ ಅಣ್ಣಾ, ನಮ್ಮ ಅಳಿಯ ಮ್ಯೂನಿಕ್‌ನಿಂದ ದೀಪಾವಳಿಗೆ ಬರುತ್ತಾನೆ. ಯಾವುದು ತರಲು ಹೇಳಲಿ? ಎಷ್ಟು ತರಬಹುದು? ಅಥವಾ ಮಾಲ್ಟ್ ತರಿಸಿ ಮನೆಯಲ್ಲೇ ಮಾಡಿದರೆ?

ಬೀದರ್ ಟು ರೆಗೆನ್ಸ್‌ಬರ್ಗ್

ಮನೆಯಲ್ಲಿ ಮಾಡುವ ಮಾತು ಬಿಡಿ. ಪರವಾನಗಿ ಇಲ್ಲದೆ ಮಾಡಿದರೆ ಅಬಕಾರಿಯವರು ಮನೆಗೆ ಬರುತ್ತಾರೆ, ಅವರಿಗೆ ಬಾಳೆಹಣ್ಣು, ಲವಂಗ ಎಲ್ಲಾ ಒಂದೇ.

ಒಬ್ಬರಿಗೆ 2 ಲೀಟರ್‌ವರೆಗೆ ಸುಂಕ ಇಲ್ಲದೆ ತರಬಹುದು. ಅರ್ಧ ಲೀಟರ್ ಬಾಟಲಿ ಆದ್ದರಿಂದ ನಾಲ್ಕು. ಚೆಕ್-ಇನ್ ಬ್ಯಾಗಿನಲ್ಲಿ, ಬಟ್ಟೆ ಸುತ್ತಿ. ನಾನಾದರೆ ಎರಡು ಒರಿಜಿನಲ್, ಒಂದು ಅವೆಂಟಿನಸ್, ಒಂದು ಹೋಪ್ಫನ್‌ವೈಸೆ ಹೇಳುತ್ತೇನೆ. ಒರಿಜಿನಲ್ 5.4 ಶೇಕಡಾ. ಇವರ ಮನೆಯ ರುಚಿ ಏನು ಅಂತ ತಿಳಿಯೋಕೆ ಅದೇ ಸಾಕು. ಬಣ್ಣ ನೀವು ಬೆಂಗಳೂರಲ್ಲಿ ನೋಡಿದ್ದಕ್ಕಿಂತ ಗಾಢ, ಲವಂಗವೂ ಸ್ವಲ್ಪ ಮುಂದೆ. ಹೋಪ್ಫನ್‌ವೈಸೆ 2007ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರ್ ಜೊತೆ ಸೇರಿ ಶುರು ಮಾಡಿದ್ದು. ಹಾಪ್ಸ್ ಜಾಸ್ತಿ, 8.2 ಶೇಕಡಾ, ಕಹಿ ಇಷ್ಟವಿದ್ದರೆ ಮಾತ್ರ. ಐಸ್‌ಬಾಕ್ ಅಂತ ಇನ್ನೊಂದಿದೆ, 12 ಶೇಕಡಾ. ಅವೆಂಟಿನಸ್ಸನ್ನು ಹೆಪ್ಪುಗಟ್ಟಿಸಿ ನೀರು ತೆಗೆದು ಮಾಡಿದ್ದು. ಅದು ಬೇಡ, ಅಳಿಯನಿಗೇ ಬಿಡಿ. ಕಾಕಾನಂಥ ಹಿರಿಯರಿಗೆ ಅಲ್ಕೊಹಾಲ್ ಇಲ್ಲದ್ದೂ ಇದೆ, ಅದೂ ಚೆನ್ನಾಗಿದೆ.

ಬಾಟಲಿಯೊಳಗೇ ಯೀಸ್ಟ್ ಇರುತ್ತದೆ. ಆದ್ದರಿಂದ ಬಂದ ತಕ್ಷಣ ಫ್ರಿಡ್ಜ್‌ನಲ್ಲಿ ನಿಲ್ಲಿಸಿ ಇಡಿ, ಮಲಗಿಸಬೇಡಿ. ಕಲಬುರಗಿ ಬಿಸಿಲಿಗೆ ಕಪಾಟಿನಲ್ಲಿ ಇಟ್ಟರೆ ರುಚಿ ಹೋಗುತ್ತದೆ. ಉದ್ದನೆಯ ಗ್ಲಾಸ್ ತೊಳೆದು ಒದ್ದೆ ಇರುವಾಗಲೇ ಓರೆ ಹಿಡಿದು ನಿಧಾನಕ್ಕೆ ಸುರಿಯಿರಿ. ತಳದಲ್ಲಿ ಎರಡು ಬೆರಳಷ್ಟು ಉಳಿದಾಗ ನಿಲ್ಲಿಸಿ, ಬಾಟಲಿ ತಿರುಗಿಸಿ ಯೀಸ್ಟ್ ಎಬ್ಬಿಸಿ, ಆಮೇಲೆ ಸುರಿಯಿರಿ. ನಿಂಬೆಹಣ್ಣಿನ ಹೋಳು ಹಾಕಬೇಡ್ರಿ, ನೊರೆ ಕುಸಿಯುತ್ತದೆ. ಜೊತೆಗೆ ಹುರಿದ ಶೇಂಗಾ ಇದ್ದರೆ ಸಾಕು.

ಗಂಜ್ ಹುಡುಗ, ಕಲಬುರಗಿ

ಅಳಿಯನಿಗೆ ಮೆಸೇಜ್ ಹೋಯ್ತು. ಎರಡು ಅವೆಂಟಿನಸ್, ಎರಡು ಒರಿಜಿನಲ್ ಹೇಳಿದೆ. ಕಹಿಯದ್ದು ಬೇಡ ಅಣ್ಣಾ, ಮಟಿಲ್ಡೆ ಬಾಯಿಯದ್ದು ಇನ್ನೊಂದು ಇರಲಿ.