ಸಹಾಯ ಬೇಕು: ಪಿಎಸ್4 ಮೆಮೊರಿ ಚಿಪ್ ಓದೋಕೆ ಯಾವ ಟೂಲ್ ತಗೊಳ್ಲಿ?

ಎಲ್ರಿಗೂ ನಮಸ್ಕಾರ. ತುಮಕೂರಲ್ಲಿ ಶಿರಾ ಗೇಟ್ ಹತ್ರ ನಂದು ರಿಪೇರಿ ಅಂಗಡಿ. ಪಕ್ಕದ ಬೀದಿ ಹುಡುಗ ಒಬ್ಬ ಪಿಎಸ್4 (ಸೋನಿ ಗೇಮ್ ಮೆಷಿನ್) ತಂದಿದಾನೆ. ಆನ್ ಮಾಡಿದ್ರೆ ನೀಲಿ ಲೈಟ್ ಮಿಣುಕಿ ಆಫ್ ಆಗುತ್ತೆ. ಪವರ್ ಸಪ್ಲೈ, ಎಚ್‌ಡಿಎಂಐ, ಹಾರ್ಡ್ ಡಿಸ್ಕ್ ಎಲ್ಲಾ ನೋಡಾಯ್ತು. ಇನ್ನು ಮೆಷಿನ್ ಶುರುವಾಗೋಕೆ ಬೇಕಾದ ಡೇಟಾ ಇರೋ 32 ಎಂಬಿ ನಾರ್ ಮೆಮೊರಿ ಚಿಪ್ ಓದಿ ನೋಡ್ಬೇಕು.

ನನ್ನ ಹತ್ರ ಕಪ್ಪು ಬೋರ್ಡಿನ ಸಿಎಚ್341ಎ ಇದೆ, ಅಂದ್ರೆ ಚಿಪ್ ಓದಿ ಬರೆಯೋ ಪ್ರೋಗ್ರಾಮರ್. ಆದ್ರೆ ಚಿಪ್ 3.3 ವೋಲ್ಟಿಂದು, ಈ ಬೋರ್ಡಿನ ಡೇಟಾ ಲೈನಲ್ಲಿ 5 ವೋಲ್ಟ್ ಬರುತ್ತೆ. ಮೀಟರ್ ಇಟ್ಟು ನೋಡ್ದೆ, ಕೈ ಹಿಂದಕ್ಕೆ ತಗೊಂಡೆ. ಆ ಚಿಪ್ಪಲ್ಲಿರೋ ಡೇಟಾ ಆ ಮೆಷಿನ್‌ಗೆ ಮಾತ್ರ ಸೇರಿದ್ದು, ಬೇರೆ ಪಿಎಸ್4ದು ಹಾಕಿದ್ರೆ ನಡೆಯಲ್ಲ. ಹಾಳಾದ್ರೆ ಹುಡುಗನಿಗೆ ಏನಂತ ಹೇಳ್ಲಿ?

ಕಾಲುಗಳು ಚಿಪ್ಪಿನ ಅಡೀಲಿರೋದ್ರಿಂದ ಕ್ಲಿಪ್ ಹಿಡಿಯಲ್ಲ, ಬಿಸಿಗಾಳೀಲಿ ಬಿಡಿಸ್ಬೇಕು.

ಟೀನ್ಸಿ 2.0++ ಅನ್ನೋ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್‌ಗೆ 3.3 ವೋಲ್ಟ್ ರೆಗ್ಯುಲೇಟರ್ ಹಾಕಿ ಬಳಸ್ಲಾ, ಇಲ್ಲ ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಟಿ48 ಪ್ರೋಗ್ರಾಮರ್ ತಗೊಳ್ಲಾ? ನನಗೆ ಟಿ48 ಕಡೆ ಮನಸ್ಸಿದೆ, ಬೇರೆ ಬೋರ್ಡ್‌ಗಳಿಗೂ ಆಗುತ್ತೆ. ಎರಡು ಸಲ ಓದಿದಾಗ ಎರಡೂ ಫೈಲ್ ಒಂದೇ ಥರ ಬರೋದು ಯಾವುದ್ರಲ್ಲಿ? ಸ್ವತಃ ಬಳಸಿದೋರು ದಯವಿಟ್ಟು ಹೇಳಿ. ಬಿಡಿಸಿದ ಚಿಪ್ ಕೂರಿಸೋ ಅಡಾಪ್ಟರ್ ಎಸ್‌ಪಿ ರೋಡಲ್ಲಿ ಸಿಗುತ್ತಾ ಅಂತಾನೂ ತಿಳಿಸಿ, ಭಾನುವಾರ ಬೆಂಗಳೂರಿಗೆ ಹೋಗ್ತಿದೀನಿ.